‘ಲೋಕಲ್’: ಒಂದು ಎರವಲು ಶಬ್ದದ ಅರ್ಥವಿಚಾರ

1

ಎರವಲು ಶಬ್ದಗಳನ್ನು ಕುರಿತು ಕನ್ನಡದಲ್ಲಿ ಈವರೆಗೆ ನಡೆದಿರುವ ಚರ್ಚೆ ಬಹುಮಟ್ಟಿಗೆ ಎರಡು ಪ್ರಶ್ನೆಗಳ ಸುತ್ತ ಸುತ್ತಿದೆ. ಶಬ್ದವು ಎಲ್ಲಿಂದ ಬಂತು ಎಂಬುದು ಒಂದು. ಅದರ ಬದಲಿಗೆ ಯಾವ ಕನ್ನಡ ಅಥವಾ ಸಂಸ್ಕೃತ ಶಬ್ದವನ್ನು ಇಡಬೇಕು ಎಂಬುದು ಇನ್ನೊಂದು. ಹೀಗೆ ಬಂದ ಶಬ್ದವು ಇಲ್ಲಿ ನೆಲೆನಿಂತ ಮೇಲೆ ಮಾಡುವುದೇನು, ಅದು ಯಾರನ್ನು ಒಳಕ್ಕೆ ಕರೆಯುತ್ತದೆ, ಯಾರನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ ಎಂಬ ಮೂರನೆಯ ಪ್ರಶ್ನೆಗೆ ದೊರೆತಿರುವ ಗಮನ ಅಲ್ಪ. ‘ಲೋಕಲ್’ ಎಂಬ ಇಂಗ್ಲಿಷ್ ಶಬ್ದ ಈ ಮೂರನೆಯ ಪ್ರಶ್ನೆಯನ್ನು ಬಿಡದೆ ಕೇಳಿಸುವಂಥದು.

ಠಾಣೆಗೂ ಡೊಂಬಿವಲಿಗೂ ನಡುವೆ, ಪಾರಸಿಕ ಬೆಟ್ಟದ ಬುಡದಲ್ಲಿರುವ ಮುಂಬ್ರಾದ ಯಾವುದಾದರೂ ಕನ್ನಡ ಮನೆಯಲ್ಲಿ ಒಂದು ದಿನ ಕಿವಿಗೊಟ್ಟರೆ ಈ ಶಬ್ದ ಮೂರು ಬಗೆಯಾಗಿ ಕೇಳಬರುತ್ತದೆ. ಬೆಳಿಗ್ಗೆ ಮನೆಯ ಯಜಮಾನ ‘ಲೋಕಲು ತಪ್ಪೀತು’ ಎಂದು ಅವಸರಪಡುತ್ತಾನೆ. ಮಧ್ಯಾಹ್ನ ಪೇಟೆಯಿಂದ ತಂದ ಬೀಗ ಎರಡೇ ದಿನಕ್ಕೆ ಕೆಟ್ಟಿತೆಂದು ಗೃಹಿಣಿ ‘ಇದು ಲೋಕಲ್ ಮಾಲು’ ಎಂದು ಬದಿಗಿಡುತ್ತಾಳೆ. ಸಂಜೆ ಕೆಲಸದ ಅರ್ಜಿ ತುಂಬುತ್ತ ಕುಳಿತ ಮಗ ‘ಇಲ್ಲಿ ಲೋಕಲ್ ಅಭ್ಯರ್ಥಿಗಳಿಗೆ ಮಾತ್ರವಂತೆ’ ಎಂದು ಲೇಖನಿ ಕೆಳಗಿಡುತ್ತಾನೆ. ಮೊದಲನೆಯದು ಒಂದು ವಾಹನ, ಎರಡನೆಯದು ಒಂದು ತಿರಸ್ಕಾರ, ಮೂರನೆಯದು ಒಂದು ಹಕ್ಕು. ಇಂಗ್ಲಿಷ್-ಕನ್ನಡ ನಿಘಂಟನ್ನು ತೆರೆದವನು ಸಾಮಾನ್ಯವಾಗಿ ನಿರೀಕ್ಷಿಸುವ ‘ಸ್ಥಳೀಯ’ ಎಂಬ ಒಂದೇ ಅರ್ಥವನ್ನು ಹಿಡಿದು ಈ ಮೂರನ್ನೂ ವಿವರಿಸಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವಬೇಕಾಗುತ್ತದೆ. ಮೂರು ಅರ್ಥಗಳ ಸಂಬಂಧವನ್ನು ಬಿಡಿಸುವುದೂ, ಮೂರನೆಯ ಅರ್ಥದಲ್ಲಿ ಅಡಗಿರುವ ತೊಡಕನ್ನು ತೋರಿಸುವುದೂ ಪ್ರಸ್ತುತ ಪ್ರಬಂಧದ ಉದ್ದೇಶ.

2

ಶಬ್ದದ ಮೂಲ ಲ್ಯಾಟಿನ್ನಿನ ‘ಲೊಕುಸ್’, ಸ್ಥಳವೆಂದು ಅರ್ಥ. ಪ್ರಾಚೀನ ಲ್ಯಾಟಿನ್ನಿನಲ್ಲಿ ಇದರ ರೂಪ ‘ಸ್ತ್ಲೊಕುಸ್’ ಎಂದಿತ್ತು. ಅದರ ಆಚೆಗಿನ ಧಾತುವಿನ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದರಿಂದ ಹುಟ್ಟಿದ ‘ಲೊಕಾಲಿಸ್’ ಎಂಬ ವಿಶೇಷಣ ಫ್ರೆಂಚಿನ ಮೂಲಕ ಮಧ್ಯಯುಗದ ಕೊನೆಯ ಭಾಗದಲ್ಲಿ ಇಂಗ್ಲಿಷನ್ನು ಹೊಕ್ಕಿತು. ಅಲ್ಲಿ ಅದರ ಅತ್ಯಂತ ಹಳೆಯ ಪ್ರಯೋಗಗಳಲ್ಲಿ ಒಂದು ವೈದ್ಯರದು: ದೇಹದ ಒಂದೇ ಭಾಗಕ್ಕೆ ಸೀಮಿತವಾದ ಬಾಧೆಗೆ ಆ ವಿಶೇಷಣ ಸಲ್ಲುತ್ತಿತ್ತು. ಇಂದಿಗೂ ಹಲ್ಲಿನ ವೈದ್ಯರು ‘ಲೋಕಲ್ ಕೊಟ್ಟು ಕೀಳುತ್ತೇವೆ’ ಎನ್ನುವಾಗ ಆ ಪುರಾತನಾರ್ಥವೇ ಉಳಿದುಬಂದಿದೆ.

ಲೊಕುಸ್ಸಿನ ಸಂತತಿ ದೊಡ್ಡದು. ಸ್ಥಾನವನ್ನು ಹಿಡಿದಿರುವವನು ಎಂಬರ್ಥದ ‘ಲೆಫ್ಟಿನೆಂಟ್’ ಅದರ ಫ್ರೆಂಚ್ ರೂಪದಿಂದ ಬಂದದ್ದು. ವ್ಯಾಕರಣದಲ್ಲಿ ಸಪ್ತಮೀ ವಿಭಕ್ತಿಗೆ ಯುರೋಪಿನವರು ಇಟ್ಟ ಹೆಸರಾದ ‘ಲೊಕೆಟಿವ್’ ಅದರದೇ ಮಗು. ಈಚೆಗೆ ಕಿಸೆಯ ದೂರವಾಣಿಯಲ್ಲಿ ಮನೆಮಾತಾದ ‘ಲೊಕೇಶನ್’ ಕೂಡ ಅದೇ ವಂಶದ್ದು. ಎಲ್ಲಕ್ಕಿಂತ ಸ್ವಾರಸ್ಯವಾದುದು ‘ಲೋಕೊಮೋಟಿವ್’, ಅಂದರೆ ರೈಲಿನ ಎಂಜಿನು. ಸ್ಥಳದಿಂದ ಚಲಿಸುವುದು ಎಂದು ಅದರ ಅರ್ಥ. ಒಂದೇ ಬೇರಿನ ಒಂದು ಕವಲು ಸ್ಥಳಕ್ಕೆ ಅಂಟಿಕೊಂಡಿರುವುದನ್ನು ಹೇಳಿದರೆ ಇನ್ನೊಂದು ಕವಲು ಸ್ಥಳವನ್ನು ಬಿಟ್ಟು ಹೋಗುವುದನ್ನು ಹೇಳುತ್ತದೆ. ಮುಂಬಯಿಯಲ್ಲಿ ಈ ಎರಡು ಕವಲುಗಳೂ ಒಂದೇ ಹಳಿಯ ಮೇಲೆ ಸೇರಿಕೊಂಡಿವೆ.

ಇಲ್ಲಿ ಎರಡು ಭ್ರಮೆಗಳನ್ನು ನಿವಾರಿಸುವುದು ಅವಶ್ಯ. ಬ್ಯಾಂಕಿನ ‘ಲಾಕರ್’ ಈ ಗುಂಪಿಗೆ ಸೇರಿದ್ದಲ್ಲ. ಅದು ಬೀಗವೆಂಬ ಅರ್ಥದ ಜರ್ಮಾನಿಕ್ ಶಬ್ದದ ಸಂತಾನ. ಎರಡನೆಯ ಭ್ರಮೆ ಕನ್ನಡಿಗನಿಗೆ ಹೆಚ್ಚು ಸಹಜವಾದುದು. ‘ಲೋಕಲ್’ ಎಂಬಲ್ಲಿ ‘ಲೋಕ’ ಎಂಬ ಶಬ್ದ ಕಿವಿಗೆ ಬೀಳುವುದರಿಂದ ಎರಡೂ ಒಂದೇ ಮೂಲದವೆಂದು ತೋರುತ್ತದೆ. ಭಾಷಾಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಸಂಸ್ಕೃತದ ‘ಲೋಕ’ ಶಬ್ದದ ಹಳೆಯ ಅರ್ಥ ತೆರಪಾದ ಜಾಗ, ಬಯಲು; ಅದರ ನಿಜವಾದ ದಾಯಾದಿ ಲ್ಯಾಟಿನ್ನಿನ ‘ಲೊಕುಸ್’ ಅಲ್ಲ, ತೋಪು ಎಂಬರ್ಥದ ‘ಲೂಕುಸ್’. ಒಂದು ಮಾತ್ರೆಯ ಅಂತರದಲ್ಲಿ ಎರಡು ಕುಲಗಳು ಬೇರೆಯಾಗಿವೆ. ವ್ಯುತ್ಪತ್ತಿಯ ದೃಷ್ಟಿಯಿಂದ ಈ ಸಾಮ್ಯ ಕೇವಲ ಆಕಸ್ಮಿಕವಾದರೂ, ಒಂದು ಶಬ್ದ ಎಲ್ಲರನ್ನೂ ಒಳಗೊಳ್ಳುವ ವಿಸ್ತಾರವನ್ನೂ ಇನ್ನೊಂದು ಕೆಲವರನ್ನಷ್ಟೇ ಒಳಗೊಳ್ಳುವ ಮೇರೆಯನ್ನೂ ಹೇಳುತ್ತದೆಂಬುದು ಮುಂದಿನ ವಿಚಾರಕ್ಕೆ ನೆನಪಿನಲ್ಲಿರಬೇಕು.

3

ಇಂಗ್ಲಿಷಿನಲ್ಲಿ ವಿಶೇಷಣವಾಗಿದ್ದ ಈ ಶಬ್ದ ಹಲವು ಕಡೆ ವಿಶೇಷ್ಯವನ್ನು ನುಂಗಿ ತಾನೇ ನಾಮಪದವಾಗಿದೆ. ಇಂಗ್ಲೆಂಡಿನಲ್ಲಿ ‘ಲೋಕಲ್’ ಎಂದರೆ ಮನೆಯ ಹತ್ತಿರದ ಪಾನಗೃಹ. ಅಮೆರಿಕೆಯಲ್ಲಿ ಕಾರ್ಮಿಕ ಸಂಘದ ಊರಶಾಖೆ. ಮುಂಬಯಿಯಲ್ಲಿ ಉಪನಗರದ ರೈಲುಗಾಡಿ. ಮೂರೂ ಜನ ಕೂಡುವ ಎಡೆಗಳೇ. ಆದರೆ ಮೊದಲೆರಡು ಇದ್ದಲ್ಲೇ ಇರುತ್ತವೆ; ಮೂರನೆಯದು ಮಾತ್ರ ಓಡುತ್ತದೆ.

ಕನ್ನಡದ ಬಾಯಲ್ಲಿ ಇದು ಸುಲಭವಾಗಿ ಒಗ್ಗಿಕೊಂಡಿತು. ಹಳಗನ್ನಡದಲ್ಲಿ ವ್ಯಂಜನಾಂತವಾಗಿದ್ದ ‘ಕಲ್’, ‘ಪಾಲ್’ ಮೊದಲಾದುವು ಹೊಸಗನ್ನಡದಲ್ಲಿ ಉಕಾರವನ್ನು ತಳೆದು ‘ಕಲ್ಲು’, ‘ಹಾಲು’ ಆದಂತೆ ‘ಲೋಕಲ್’ ಎಂಬುದು ‘ಲೋಕಲು’, ‘ಲೋಕಲ್ಲು’ ಎಂದಾಯಿತು. ಬಹುವಚನದಲ್ಲಿ ‘ಲೋಕಲುಗಳು’, ಸಪ್ತಮಿಯಲ್ಲಿ ‘ಲೋಕಲಿನಲ್ಲಿ’. ಗಮನಿಸಬೇಕಾದ ಸಂಗತಿಯೆಂದರೆ, ಹೀಗೆ ವಿಭಕ್ತಿ ಪ್ರತ್ಯಯಗಳನ್ನು ತಾಳಿ ಪೂರ್ಣ ಕನ್ನಡ ನಾಮಪದವಾಗಿರುವುದು ರೈಲಿನ ಅರ್ಥದಲ್ಲಿ ಮಾತ್ರ. ಬೆಂಗಳೂರು ಧಾರವಾಡಗಳ ಆಡುನುಡಿಯಲ್ಲಿ ಅದು ಇನ್ನೂ ವಿಶೇಷಣವಾಗಿಯೇ ಉಳಿದಿದೆ. ಮುಂಬಯಿಯ ಕನ್ನಡಿಗನಿಗೆ ‘ಲೋಕಲ್’ ಒಂದು ವಸ್ತು; ಒಳನಾಡಿನ ಕನ್ನಡಿಗನಿಗೆ ಅದು ಒಂದು ಗುಣ.

ರೈಲ್ವೆಯ ಪರಿಭಾಷೆಯಲ್ಲಿ ಲೋಕಲ್ ಗಾಡಿ ಎಂದರೆ ದಾರಿಯ ಸಣ್ಣ ಸಣ್ಣ ಊರುಗಳಲ್ಲೆಲ್ಲ ನಿಲ್ಲುವ ಗಾಡಿ. ನಿಲ್ಲುವುದೇ ಅದರ ಲಕ್ಷಣ. ಈ ಲಕ್ಷಣದ ಬೆಳಕಿನಲ್ಲಿ ನೋಡಿದರೆ ಮುಂಬಯಿಯಲ್ಲಿ ನಿತ್ಯ ಬಳಕೆಯಲ್ಲಿರುವ ‘ಫಾಸ್ಟ್ ಲೋಕಲ್’ ಎಂಬ ಜೋಡುನುಡಿ ವಿರೋಧಾಭಾಸ. ಆದರೂ ಅಲ್ಲಿನ ಕಿವಿಗೆ ಅದು ವಿಚಿತ್ರವೆನಿಸುವುದಿಲ್ಲ. ಏಕೆಂದರೆ ಶಬ್ದದೊಳಗಿನ ಸ್ಥಳ ಅಲ್ಲಿ ಎಂದೋ ಕರಗಿ ಚಲನೆ ಮಾತ್ರ ಉಳಿದಿದೆ.

ಈ ಹಾದಿಯ ಇತಿಹಾಸವೇ ಅರ್ಥಪೂರ್ಣವಾಗಿದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಮೊದಲ ಪ್ರಯಾಣಿಕರ ಗಾಡಿ ಮುಟ್ಟಿದ್ದು ಠಾಣೆಯನ್ನು. ಮರುವರ್ಷ, 1854ರಲ್ಲಿ, ಹಳಿ ಖಾರಿಯನ್ನು ದಾಟಿ ಕಲ್ಯಾಣದವರೆಗೆ ಚಾಚಿತು. ‘ಠಾಣೆ’ ಎಂಬ ಹೆಸರಿನ ಮೂಲ ಸಂಸ್ಕೃತದ ‘ಸ್ಥಾನ’. ಶಿಲಾಹಾರರ ಶಾಸನಗಳಲ್ಲಿ ಈ ಪಟ್ಟಣ ‘ಸ್ಥಾನಕ’, ‘ಶ್ರೀಸ್ಥಾನಕ’ ಎಂದು ಬರುತ್ತದೆ. ಕನ್ನಡದ ‘ತಾಣ’ವೂ ಪೋಲೀಸರ ‘ಠಾಣೆ’ಯೂ ಅದೇ ಶಬ್ದದ ರೂಪಾಂತರಗಳು. ಲ್ಯಾಟಿನ್ನಿನಿಂದ ಬಂದ ‘ಸ್ಟೇಷನ್’ ಎಂಬುದು ಕೂಡ ನಿಲ್ಲುವುದೆಂಬ ಅರ್ಥದ, ಸಂಸ್ಕೃತದ ‘ಸ್ಥಾ’ ಧಾತುವಿಗೆ ಸಮಾನವಾದ ಮೂಲದ್ದು. ಅಂದಮೇಲೆ ದೇಶದ ಮೊದಲ ಪ್ರಯಾಣಿಕರ ಗಾಡಿ ಹೋದದ್ದು ಸ್ಥಳವೆಂಬ ಹೆಸರಿನ ಸ್ಥಳಕ್ಕೆ. ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದರೆಂಬುದೂ, ಕಾನ್ಹೇರಿಯ ಗುಹೆಗಳಲ್ಲಿರುವ 9ನೆಯ ಶತಮಾನದ ಶಾಸನಗಳು ಅಮೋಘವರ್ಷನನ್ನು ಸಾರ್ವಭೌಮನೆಂದು ಹೆಸರಿಸುತ್ತವೆಂಬುದೂ ವಾಚಕರಿಗೆ ವಿದಿತವೇ ಇದೆ. ಇದನ್ನು ಹೇಳಿದ ಮಾತ್ರಕ್ಕೆ ಈ ನೆಲ ಕನ್ನಡಿಗರದೆಂದು ಹಕ್ಕು ಸಾಧಿಸಿದಂತಾಗುವುದಿಲ್ಲ. ಹಾಗೆ ಸಾಧಿಸಲೂ ಬಾರದು. ಯಾವ ನೆಲಕ್ಕೂ ಒಂದೇ ಕಾಲದ ಒಂದೇ ಜನ ಮಾತ್ರ ‘ಲೋಕಲ್’ ಅಲ್ಲವೆಂಬುದಷ್ಟೇ ಇದರಿಂದ ಸಿದ್ಧವಾಗುವ ಮಾತು.

ಮುಂಬ್ರಾ ನಿಂತಿರುವುದು ಕಲ್ಯಾಣದ ಈ ಹಳೆಯ ಹಾದಿಯ ಮೇಲೆ. 1916ರಲ್ಲಿ ಪಾರಸಿಕ ಬೆಟ್ಟವನ್ನು ಕೊರೆದು ಸುಮಾರು 1.3 ಕಿಲೋಮೀಟರ್ ಉದ್ದದ ಸುರಂಗವನ್ನು ತೆರೆದ ಮೇಲೆ ವೇಗದ ಗಾಡಿಗಳು ಮುಂಬ್ರಾವನ್ನು ಬಳಸದೆಯೇ ಸಾಗತೊಡಗಿದುವು. ಸುತ್ತಿ ಬರುವ ಹಳೆಯ ಹಳಿ ನಿಧಾನದ ಗಾಡಿಗಳಿಗೆ ಉಳಿಯಿತು. 2022ರ ಫೆಬ್ರುವರಿಯಲ್ಲಿ ಠಾಣೆ-ದಿವಾ ನಡುವಣ ಐದನೆಯ ಮತ್ತು ಆರನೆಯ ಹಳಿಗಳು ಸಿದ್ಧವಾದ ಮೇಲೆ ವೇಗದ ಲೋಕಲುಗಳೂ ಮುಂಬ್ರಾದ ಮಗ್ಗುಲಿಗೇ ಬಂದುವು. 2025ರ ಜೂನ್ 9ರ ಬೆಳಿಗ್ಗೆ ಮುಂಬ್ರಾ ನಿಲ್ದಾಣದ ಬಳಿಯ ತಿರುವಿನಲ್ಲಿ, ಎದುರುಬದುರಾಗಿ ಹಾಯುತ್ತಿದ್ದ ಎರಡು ವೇಗದ ಲೋಕಲುಗಳ ಬಾಗಿಲುಗಳಲ್ಲಿ ನೇತುಬಿದ್ದಿದ್ದ ಪ್ರಯಾಣಿಕರು ಕೆಳಗೆ ಉರುಳಿದರು. ಅಂದೇ ನಾಲ್ವರು ಪ್ರಾಣ ಬಿಟ್ಟರು. ತಾವು ಇಳಿಯಬೇಕಾಗಿರದ ಊರಿನಲ್ಲಿ ಅವರ ಪ್ರಯಾಣ ಮುಗಿಯಿತು. ಅದರ ಮರುದಿನವೂ ಅದೇ ಹೊತ್ತಿಗೆ ಅದೇ ಗಾಡಿಗಳು ತುಂಬಿಕೊಂಡೇ ಹೋದುವು. ಮುಂಬ್ರಾದ ಕನ್ನಡಿಗನ ನಾಲಗೆಯ ಮೇಲಿನ ‘ಲೋಕಲು’ ಎಂಬ ಶಬ್ದಕ್ಕೆ ಈ ಭಾರವೂ ಸೇರಿದೆ. ‘ಸ್ಥಳೀಯ ರೈಲು’ ಎಂಬ ಪತ್ರಿಕಾಭಾಷಾಂತರ ಈ ಭಾರವನ್ನು ಹೊರಲಾರದು.

4

ಕರ್ನಾಟಕದಿಂದ ಮುಂಬಯಿಗೆ ಬಂದವರಿಗೆ ಈ ಶಬ್ದ ಪರಿಚಯವಾದದ್ದು ರೈಲಿನಿಂದಲೇ ಅಲ್ಲ. 1882ರ ಮೇ 18ರಂದು ಲಾರ್ಡ್ ರಿಪನ್ನನ ಸರಕಾರ ಹೊರಡಿಸಿದ ನಿರ್ಣಯವನ್ನು ಅನುಸರಿಸಿ 1884ರಲ್ಲಿ ಮುಂಬಯಿ ಮತ್ತು ಮದರಾಸು ಇಲಾಖೆಗಳೆರಡರಲ್ಲೂ ಲೋಕಲ್ ಬೋರ್ಡುಗಳ ಕಾಯಿದೆಗಳಾದುವು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ಇಲಾಖೆಗೂ, ಮಂಗಳೂರು, ಉಡುಪಿಗಳು ಮದರಾಸು ಇಲಾಖೆಗೂ ಸೇರಿದ್ದುವು. ಒಂದೇ ಭಾಷೆಯ ಜನ ಎರಡು ಆಡಳಿತಗಳಿಗೆ ಹಂಚಿಹೋಗಿದ್ದರೂ ‘ಲೋಕಲ್ ಬೋರ್ಡು’ ಎಂಬ ಮಾತು ಎರಡು ಕಡೆಗೂ ಸಮಾನವಾಗಿತ್ತು. ಊರ ರಸ್ತೆ, ಬಾವಿ, ಶಾಲೆ, ಔಷಧಾಲಯ ಎಲ್ಲವೂ ಬೋರ್ಡಿನವು. ಈ ಪ್ರಯೋಗದಲ್ಲಿ ‘ಲೋಕಲ್’ ಎಂಬುದಕ್ಕೆ ಗೌರವವಿತ್ತು. ಊರಿನವರೇ ಊರಿನ ಹೊಣೆಯನ್ನು ಹೊರುವುದೆಂಬ ಭಾವನೆ ಅದರಲ್ಲಿ ಅಡಕವಾಗಿತ್ತು.

ಬ್ಯಾಂಕುಗಳ ವ್ಯವಹಾರದಲ್ಲಿಯೂ ಶಬ್ದಕ್ಕೆ ಇಂಥದೇ ಪ್ರತಿಷ್ಠೆಯುಂಟು. 1921ರಲ್ಲಿ ಬಂಗಾಲ, ಮುಂಬಯಿ, ಮದರಾಸುಗಳ ಮೂರು ಪ್ರೆಸಿಡೆನ್ಸಿ ಬ್ಯಾಂಕುಗಳು ಕೂಡಿ ಇಂಪೀರಿಯಲ್ ಬ್ಯಾಂಕಾದಾಗ ಅವುಗಳ ಹಳೆಯ ಮುಖ್ಯ ಕಚೇರಿಗಳು ‘ಲೋಕಲ್ ಹೆಡ್ ಆಫೀಸು’ಗಳೆನಿಸಿದುವು, ಆ ಹೆಸರು ಇಂದಿಗೂ ಸ್ಟೇಟ್ ಬ್ಯಾಂಕಿನಲ್ಲಿ ಉಳಿದಿದೆ. ರಿಸರ್ವ್ ಬ್ಯಾಂಕಿನ 1934ರ ಕಾಯಿದೆ ದೇಶವನ್ನು ಭಾಗಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ‘ಲೋಕಲ್ ಬೋರ್ಡ’ನ್ನು ಕಲ್ಪಿಸಿತು. 1996ರಲ್ಲಿ ರಿಸರ್ವ್ ಬ್ಯಾಂಕು ರೂಪಿಸಿದ ‘ಲೋಕಲ್ ಏರಿಯಾ ಬ್ಯಾಂಕು’ಗಳ ಯೋಜನೆಯಲ್ಲಿ ಹುಟ್ಟಿದ ಕೃಷ್ಣಭೀಮಾ ಸಮೃದ್ಧಿ ಬ್ಯಾಂಕಿನ ಕ್ಷೇತ್ರ ಮಹಬೂಬನಗರದ ಜೊತೆಗೆ ರಾಯಚೂರು ಮತ್ತು ಕಲಬುರಗಿ. ಅಲ್ಲಿ ‘ಲೋಕಲ್’ ಎಂಬುದು ರಾಜ್ಯದ ಗಡಿಯನ್ನು ದಾಟಿ ನದಿಗಳ ಗುರುತನ್ನು ಹಿಡಿಯಿತು.

ಆದರೆ ಶಬ್ದದ ನಿಜಸ್ವರೂಪವನ್ನು ಬಯಲಿಗಿಟ್ಟದ್ದು ಚೆಕ್ಕು. ದೀರ್ಘಕಾಲ ಬ್ಯಾಂಕುಗಳಲ್ಲಿ ಚೆಕ್ಕುಗಳು ಎರಡು ಜಾತಿಯವಾಗಿದ್ದುವು: ‘ಲೋಕಲ್’ ಮತ್ತು ‘ಔಟ್‌ಸ್ಟೇಷನ್’. ಊರಿನ ಚೆಕ್ಕು ಒಂದೆರಡು ದಿನಗಳಲ್ಲಿ ಹಣವಾಗುತ್ತಿತ್ತು; ಉಡುಪಿಯ ಚೆಕ್ಕನ್ನು ಮುಂಬಯಿಯಲ್ಲಿ ಕಟ್ಟಿದವನು ಅದು ಅಂಚೆಯಲ್ಲಿ ಹೋಗಿ ಬರುವವರೆಗೆ ಕಾಯಬೇಕಿತ್ತು. 2008ರಲ್ಲಿ ದೆಹಲಿಯಲ್ಲಿ ಮೊದಲಾದ, ಚೆಕ್ಕಿನ ಬಿಂಬವನ್ನಷ್ಟೇ ಕಳುಹಿಸುವ ಹೊಸ ಪದ್ಧತಿ 2013ರಲ್ಲಿ ಮುಂಬಯಿಗೆ ಬಂತು. ಒಂದು ಜಾಲದ ವ್ಯಾಪ್ತಿಯಲ್ಲಿರುವ ಎಲ್ಲ ಶಾಖೆಗಳ ಚೆಕ್ಕುಗಳೂ ‘ಲೋಕಲ್’ ಎಂದೇ ಗಣ್ಯವಾಗತಕ್ಕದ್ದೆಂದು ನಿಯಮವಾಯಿತು. ಮುಂಬಯಿಯ ಪಶ್ಚಿಮ ಜಾಲದಲ್ಲಿ ಮಹಾರಾಷ್ಟ್ರದೊಡನೆ ಗೋವಾ, ಗುಜರಾತ, ಮಧ್ಯಪ್ರದೇಶ, ಛತ್ತೀಸಗಢಗಳಿದ್ದುವು. ಕರ್ನಾಟಕ ಚೆನ್ನೈಯ ಜಾಲಕ್ಕೆ ಸೇರಿತು. ಹೀಗಾಗಿ ಮುಂಬಯಿಯ ಮಟ್ಟಿಗೆ ದೂರದ ಇಂದೋರು ‘ಲೋಕಲ್’ ಆಯಿತು. ಅದಕ್ಕಿಂತ ಸಮೀಪದ ಬೆಳಗಾವಿ ಆಗಲಿಲ್ಲ. ಮುಂದೆ ಜಾಲಗಳು ಒಂದಾದಂತೆ ಆ ಭೇದವೂ ಕಳಚಿತು.

ಇದು ಕೇವಲ ಲೆಕ್ಕಪತ್ರದ ವಿಷಯವೆಂದು ತಳ್ಳಿಹಾಕತಕ್ಕದ್ದಲ್ಲ. ಬೆಳಗಾವಿ ಒಂದು ಅಂಗುಲವೂ ಕದಲಲಿಲ್ಲ, ಕದಲಿದ್ದು ಗೆರೆ. ‘ಲೋಕಲ್’ ಎಂಬುದು ವಸ್ತುವಿನ ಸ್ವಭಾವವಲ್ಲ, ಗೆರೆ ಎಳೆದವನ ತೀರ್ಮಾನ ಎಂಬ ಸತ್ಯ ಇಲ್ಲಿ ಸ್ಪಷ್ಟವಾಗುತ್ತದೆ. ‘ಇಲ್ಲಿ’, ‘ಅಲ್ಲಿ’ ಎಂಬ ಮಾತುಗಳಂತೆ ಇದು ಸಾಪೇಕ್ಷ ಶಬ್ದ. ಆದರೆ ‘ಇಲ್ಲಿ’ ಎಂಬ ಶಬ್ದ ತನ್ನ ಸಾಪೇಕ್ಷತೆಯನ್ನು ಮರೆಮಾಚುವುದಿಲ್ಲ, ‘ಲೋಕಲ್’ ಮರೆಮಾಚುತ್ತದೆ. ಬೆಳ್ಳಗೆ, ಎತ್ತರ ಎಂಬಂತೆ ಹುಟ್ಟಿನಿಂದ ಬಂದ ಗುಣವೆಂದೇ ಅದು ತೋರಿಸಿಕೊಳ್ಳುತ್ತದೆ. ಅದರ ಎಲ್ಲ ತೊಡಕುಗಳಿಗೂ ಮೂಲ ಇದೇ.

5

ಚೆಕ್ಕಿನ ವಿಷಯದಲ್ಲಿ ಈ ತೊಡಕಿನ ಪರಿಣಾಮ ಕೆಲವು ದಿನಗಳ ವಿಳಂಬ. ಮನುಷ್ಯನ ವಿಷಯದಲ್ಲಿ ಅದು ಜೀವನೋಪಾಯದ ಪ್ರಶ್ನೆಯಾಗುತ್ತದೆ. 1966ರ ಜೂನ್‌ನಲ್ಲಿ ಮುಂಬಯಿಯಲ್ಲಿ ಶಿವಸೇನೆ ಸ್ಥಾಪಿತವಾದಾಗ ಅದರ ಮೊದಲ ವರ್ಷಗಳ ಚಳವಳಿ ದಕ್ಷಿಣದಿಂದ ಬಂದ ಗುಮಾಸ್ತರನ್ನೂ ಹೋಟೆಲಿನವರನ್ನೂ ಗುರಿಯಾಗಿಸಿಕೊಂಡಿತ್ತು. ಮುಂದೆ ಬ್ಯಾಂಕು ಮತ್ತು ಸಾರ್ವಜನಿಕ ಉದ್ಯಮಗಳಲ್ಲಿ ಮರಾಠಿಗರ ನೇಮಕಾತಿಗಾಗಿ ಕೆಲಸ ಮಾಡಿದ ಅದರ ಅಂಗಸಂಸ್ಥೆಯ ಹೆಸರು ‘ಸ್ಥಾನೀಯ ಲೋಕಾಧಿಕಾರ ಸಮಿತಿ’. ಶಬ್ದಾರ್ಥದ ದೃಷ್ಟಿಯಿಂದ ಈ ಹೆಸರು ಪರಿಶೀಲನಾರ್ಹ. ವ್ಯುತ್ಪತ್ತಿಶಾಸ್ತ್ರ ಬೇರ್ಪಡಿಸಿದ ಸ್ಥಾನವನ್ನೂ ಲೋಕವನ್ನೂ ಅದು ಒಂದೇ ಸಮಾಸಕ್ಕೆ ಸನಿಹವಾಗಿ ಕೂಡಿಸಿತು. ಆದರೆ ಲೋಕವನ್ನು ಸ್ಥಾನದ ಮೇರೆಯೊಳಗೆ ಇಟ್ಟು ಕೂಡಿಸಿತು. ಇಲ್ಲಿಯ ಜನಕ್ಕೆ ಕೆಲಸವಿಲ್ಲದಿರುವಾಗ ಹೊರಗಿನವರಿಗೇಕೆ ಎಂಬ ಪ್ರಶ್ನೆಯ ಹಿಂದೆ ನಿಜವಾದ ಸಂಕಟವಿರಲಿಲ್ಲವೆಂದು ಹೇಳುವಂತಿಲ್ಲ. ಅದೇ ಪ್ರಶ್ನೆಯನ್ನು ಕರ್ನಾಟಕವೂ ಕೇಳಿತೆಂಬುದನ್ನು ಮುಂಬಯಿಯ ಕನ್ನಡಿಗರು ಮರೆಯಬಾರದು.

1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ ಇಂದಿನವರೆಗೆ ಕರ್ನಾಟಕದಲ್ಲಿ ಕನ್ನಡಿಗರಿಗೆ ಉದ್ಯೋಗವೆಂಬ ಬೇಡಿಕೆ ಜೀವಂತವಾಗಿದೆ. 2024ರ ಜುಲೈಯಲ್ಲಿ ರಾಜ್ಯದ ಸಚಿವಸಂಪುಟ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿದ ವಿಧೇಯಕ ಖಾಸಗಿ ಉದ್ಯಮಗಳಲ್ಲಿ ಆಡಳಿತದ ಹುದ್ದೆಗಳ ಶೇಕಡಾ 50ನ್ನೂ ಇತರ ಹುದ್ದೆಗಳ ಶೇಕಡಾ 70ನ್ನೂ ‘ಸ್ಥಳೀಯ ಅಭ್ಯರ್ಥಿ’ಗಳಿಗೆ ಮೀಸಲಿಡಬೇಕೆಂದಿತು. ಸ್ಥಳೀಯ ಅಭ್ಯರ್ಥಿ ಯಾರು? ಆ ಕರಡಿನ ಪ್ರಕಾರ, ಕರ್ನಾಟಕದಲ್ಲಿ ಹುಟ್ಟಿ, ಅಲ್ಲಿ 15 ವರ್ಷ ನೆಲೆಸಿ, ಕನ್ನಡವನ್ನು ಆಡಲು, ಓದಲು, ಬರೆಯಲು ಬಲ್ಲವನು.

ಈ ಲಕ್ಷಣವನ್ನು ಮುಂಬ್ರಾದ ಕನ್ನಡ ಮನೆಯ ಮಗನಿಗೆ ಹಚ್ಚಿ ನೋಡಬೇಕು. ತಂದೆ ಕಾರ್ಕಳದವನೋ ಕುಮಟೆಯವನೋ ಆಗಿ ಮೂವತ್ತು ವರ್ಷಗಳ ಹಿಂದೆ ಬಂದವನು. ಮಗ ಠಾಣೆ ಜಿಲ್ಲೆಯಲ್ಲಿ ಹುಟ್ಟಿದವನು. ಕನ್ನಡ ಬಲ್ಲವನು, ಮನೆಯಲ್ಲಿ ಆಡಿ, ಸಂಘದ ತರಗತಿಯಲ್ಲಿ ಓದಿ ಬರೆದು ಕಲಿತವನು. ಕರ್ನಾಟಕದ ಆ ಕರಡಿನ ಮೂರು ಲಕ್ಷಣಗಳಲ್ಲಿ ಭಾಷೆಯದೊಂದು ಅವನಿಗಿದೆ. ಹುಟ್ಟಿನದೂ ವಾಸದ್ದೂ ಇಲ್ಲ. ಮಹಾರಾಷ್ಟ್ರದಲ್ಲಿ ಅಧಿವಾಸದ ಪ್ರಮಾಣಪತ್ರಕ್ಕೆ ಬೇಕಾದ 15 ವರ್ಷಗಳ ವಾಸ ಅವನಿಗಿದೆ, ಹುಟ್ಟೂ ಇದೆ. ಆದರೆ ಗಲಾಟೆಯ ದಿನ ಬೀದಿಯಲ್ಲಿ ಕೇಳುವುದು ಪ್ರಮಾಣಪತ್ರವನ್ನಲ್ಲ, ಮನೆಮಾತನ್ನು. ಹೀಗೆ ಒಂದು ರಾಜ್ಯದಲ್ಲಿ ಭಾಷೆಯುಳ್ಳವನಾಗಿ ಸ್ಥಳವಿಲ್ಲದವನು, ಇನ್ನೊಂದರಲ್ಲಿ ಸ್ಥಳವುಳ್ಳವನಾಗಿ ಭಾಷೆಯಿಲ್ಲದವನು. ಎರಡು ಗೆರೆಗಳ ನಡುವೆ ಅವನು ದಿನವೂ ಹತ್ತುವ ಗಾಡಿಯೊಂದೇ ಅವನ ಮಟ್ಟಿಗೆ ಉಳಿದಿರುವ ‘ಲೋಕಲ್’.

ಇಂಥವನನ್ನು ಕರೆಯಲು ಕರ್ನಾಟಕದಲ್ಲಿ ‘ಹೊರನಾಡ ಕನ್ನಡಿಗ’ ಎಂಬ ಮಾತಿದೆ. ಗೌರವದಿಂದಲೇ ಆಡುವ ಮಾತು ಅದು. ಆದರೆ ‘ಹೊರ’ ಎಂಬುದು ಯಾವುದರ ಹೊರಗೆ ಎಂಬ ಪ್ರಶ್ನೆಯನ್ನು ಎರಡನೆಯ ತಲೆಮಾರು ಕೇಳದೆ ಬಿಡದು. ಠಾಣೆಯಲ್ಲಿ ಹುಟ್ಟಿದವನಿಗೆ ಠಾಣೆ ಹೊರನಾಡಾಗುವುದು ಹೇಗೆ?

6

ಇನ್ನು ಎರಡನೆಯ ಅರ್ಥವಾದ ತಿರಸ್ಕಾರ. ‘ಲೋಕಲ್ ಮಾಲು’, ‘ಅವನು ತುಂಬಾ ಲೋಕಲ್’ ಎಂಬ ಪ್ರಯೋಗಗಳಲ್ಲಿ ಶಬ್ದವು ಅಗ್ಗದ್ದು, ಒರಟಾದದ್ದು ಎಂಬ ಅರ್ಥವನ್ನು ಕೊಡುತ್ತದೆ. ಸಾಗರದಾಚೆಯಿಂದ ಬಂದದ್ದು ಮೇಲು, ಇಲ್ಲಿ ಆದದ್ದು ಕೀಳು ಎಂಬ ವಸಾಹತಿನ ಕಾಲದ ಮೌಲ್ಯವಿವೇಚನೆಯ ಶೇಷ ಇದು. ಹಕ್ಕಿನ ಅರ್ಥದಲ್ಲಿ ಎಲ್ಲರೂ ಲೋಕಲ್ ಆಗಬಯಸುತ್ತಾರೆ. ರುಚಿಯ ಅರ್ಥದಲ್ಲಿ ಯಾರೂ ಬಯಸುವುದಿಲ್ಲ. 2020ರ ಮೇ ತಿಂಗಳಲ್ಲಿ ಪ್ರಧಾನಮಂತ್ರಿಗಳು ದೇಶೀಯ ವಸ್ತುಗಳ ಪರವಾಗಿ ಇದೇ ಶಬ್ದವನ್ನು ಪ್ರಾಸಬದ್ಧ ಘೋಷಣೆಯಾಗಿ ಬಳಸಿದ ಮೇಲೆ ಅದಕ್ಕೆ ಸ್ವಲ್ಪ ಮರ್ಯಾದೆ ಬಂದಿತಾದರೂ ಆಡುಮಾತಿನ ತಿರಸ್ಕಾರ ಅಳಿಯಲಿಲ್ಲ.

ಕನ್ನಡ ಕಾವ್ಯಮೀಮಾಂಸೆ ಈ ವಿಷಯದಲ್ಲಿ ಹೆಚ್ಚು ಪ್ರೌಢವಾದುದು. ಮಾರ್ಗ ಮತ್ತು ದೇಸಿ ಎಂಬ ವಿಭಾಗದಲ್ಲಿ ದೇಸಿ ಕೀಳೆನಿಸಲಿಲ್ಲ. ಅಮೋಘವರ್ಷ ನೃಪತುಂಗನ ಆಸ್ಥಾನದ ಕವಿರಾಜಮಾರ್ಗ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳನ್ನು ಹೆಸರಿಸಿ ಅವುಗಳ ನಡುವಣ ನುಡಿಯನ್ನು ಕನ್ನಡದ ತಿರುಳೆಂದಿತು. ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟ. ಆದರೆ ಪಂಪ ಕಾವ್ಯ ರಚಿಸಿದ್ದು ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ಆ ಊರು ಇಂದಿರುವುದು ತೆಲಂಗಾಣದಲ್ಲಿ. ಇಂದಿನ ಗೆರೆಗಳಲ್ಲಿ ಆದಿಕವಿಯೂ ಹೊರನಾಡ ಕನ್ನಡಿಗನೇ ಸರಿ. ನುಡಿಯ ಊರು ಒಂದು, ಬಾಳಿದ ಊರು ಇನ್ನೊಂದು ಎಂಬುದು ಕನ್ನಡಕ್ಕೆ ಹೊಸದಲ್ಲ.

ಮುಂಬಯಿಯ ಕನ್ನಡ ಸಾಹಿತ್ಯವೂ ಇದನ್ನೇ ಮಾಡಿ ತೋರಿಸಿದೆ. ಯಶವಂತ ಚಿತ್ತಾಲರು ತಮ್ಮ ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದು ಉತ್ತರ ಕನ್ನಡದ ಹನೇಹಳ್ಳಿಯನ್ನು ಕಥೆಗಳಲ್ಲಿ ಕಟ್ಟಿದರು. 1979ರ ‘ಶಿಕಾರಿ’ಯಲ್ಲಿ ಅದೇ ಮುಂಬಯಿಯನ್ನು ಒಳಗಿನಿಂದ ಕಂಡರು. ಗೋಕರ್ಣದಿಂದ ಬಂದ ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಚಾಳು, ರೈಲು, ಆಸ್ಪತ್ರೆಗಳಲ್ಲಿ ಬಾಳುವ ಜನ ಯಾವ ಊರಿನವರೆಂಬುದು ಎಷ್ಟೋ ವೇಳೆ ಗೌಣವಾಗುತ್ತದೆ. ಅವರು ಅಲ್ಲಿ ಬಾಳುತ್ತಿದ್ದಾರೆಂಬುದೇ ಮುಖ್ಯ. ಈ ಲೇಖಕರನ್ನು ವಿಮರ್ಶೆ ಎರಡು ತಪ್ಪು ರೀತಿಗಳಲ್ಲಿ ಓದಿದೆ. ಹನೇಹಳ್ಳಿ ಬಂದಾಗ ಊರಿನ ಹಂಬಲವೆಂದಿತು. ಮುಂಬಯಿ ಬಂದಾಗ ಸ್ಥಳೀಯ ಬಣ್ಣವೆಂದಿತು. ಸ್ಥಳವನ್ನು ಬಣ್ಣವೆಂದು ಕರೆದೊಡನೆ ಅದು ಮೇಲೆ ಬಳಿದ ವಸ್ತುವಾಗುತ್ತದೆ. ಷೇಕ್ಸ್‌ಪಿಯರನು ‘ಮಧ್ಯಬೇಸಗೆಯ ರಾತ್ರಿಯ ಕನಸಿ’ನ ಐದನೆಯ ಅಂಕದಲ್ಲಿ ಕವಿಯ ಲೇಖನಿ ಶೂನ್ಯಕ್ಕೆ ನೆಲೆಯನ್ನೂ ಹೆಸರನ್ನೂ ಕೊಡುತ್ತದೆಂಬ ಅಭಿಪ್ರಾಯವನ್ನು ಥೀಸಿಯಸ್ಸನ ಬಾಯಲ್ಲಿ ಇಟ್ಟಿದ್ದಾನೆ. ಅಲ್ಲಿಯೂ ‘ಲೋಕಲ್’ ಎಂಬ ಶಬ್ದವೇ ಬಂದಿದೆ, ವಾಸವೆಂಬ ಅರ್ಥದ ಶಬ್ದಕ್ಕೆ ವಿಶೇಷಣವಾಗಿ. ನೆಲೆ ಹುಟ್ಟಿನಿಂದ ದೊರೆತದ್ದಲ್ಲ, ಕೊಟ್ಟದ್ದು, ಕಟ್ಟಿದ್ದು ಎಂಬ ಭಾವನೆ ಆ ಪ್ರಯೋಗದಲ್ಲಿದೆ.

7

ಹಾಗಾದರೆ ಮನುಷ್ಯನ ವಿಷಯದಲ್ಲಿ ‘ಲೋಕಲ್’ ಎಂಬುದಕ್ಕೆ ಕನ್ನಡದಲ್ಲಿ ಯಾವ ಶಬ್ದ ಸಲ್ಲಬೇಕು? ‘ಸ್ಥಳೀಯ’ ಎಂಬುದು ಸ್ಥಳಕ್ಕೆ ಸಂಬಂಧಪಟ್ಟದ್ದೆಂದಷ್ಟೇ ಹೇಳುತ್ತದೆ. ಸಂಬಂಧ ಯಾವುದೆಂದು ಹೇಳುವುದಿಲ್ಲ. ಈ ಮೌನದೊಳಗೇ ಹುಟ್ಟಿನ ಲಕ್ಷಣ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ‘ಮೂಲನಿವಾಸಿ’ ಎಂಬುದು ಆ ಲಕ್ಷಣವನ್ನು ಬಾಯಿಬಿಟ್ಟೇ ಹೇಳುತ್ತದೆ.

ಕನ್ನಡದ್ದೇ ಆದ ಒಂದು ಹಳೆಯ ಶಬ್ದ ಇಲ್ಲಿ ನೆರವಾಗಬಲ್ಲುದು: ‘ಒಕ್ಕಲು’. ವಾಸ, ಮನೆತನ, ಬಿಡಾರ ಹೂಡಿ ನೆಲವನ್ನು ಸಾಗಿಸುವವನು ಎಂಬ ಅರ್ಥಗಳು ಅದಕ್ಕುಂಟು. ಒಕ್ಕಲಿಗ, ಒಕ್ಕಲುತನ ಎಂಬ ರೂಪಗಳು ಎಲ್ಲರಿಗೂ ತಿಳಿದುವೇ. ಕರಾವಳಿಯಲ್ಲಿ ಗೃಹಪ್ರವೇಶಕ್ಕೆ ‘ಮನೆ ಒಕ್ಕಲು’ ಎನ್ನುತ್ತಾರೆ. ಮುಂಬ್ರಾ, ಡೊಂಬಿವಲಿಗಳಲ್ಲಿ ಎರಡು ಕೋಣೆಯ ಮನೆ ಕೊಂಡವರೂ ಆಮಂತ್ರಣಪತ್ರಿಕೆಯಲ್ಲಿ ಇದೇ ಮಾತನ್ನು ಅಚ್ಚುಹಾಕಿಸುವುದುಂಟು. ಇದರ ವಿರುದ್ಧಪದ ‘ಒಕ್ಕಲೆಬ್ಬಿಸು’. ಈ ಶಬ್ದದಲ್ಲಿ ಹುಟ್ಟಿನ ಪ್ರಸ್ತಾಪವೇ ಇಲ್ಲ. ಬರುವುದು, ಹೊಗುವುದು, ಇರುವುದು, ದುಡಿಯುವುದು ಇವೇ ಅದರ ಅಂಗಗಳು. ಒಕ್ಕಲಾಗಲು ಮೊದಲು ಹೊರಗಿನಿಂದ ಬಂದಿರಬಹುದೆಂಬುದನ್ನು ಅದು ಒಪ್ಪಿಕೊಂಡೇ ಹೊರಡುತ್ತದೆ. ಕರ್ನಾಟಕದ ಭೂಸುಧಾರಣೆ 1974ರಲ್ಲಿ ಗೇಣಿಯ ನೆಲವನ್ನು ಉಳುವವನ ಕೈಗೆ ಕೊಟ್ಟಾಗ ಮನ್ನಿಸಿದ್ದು ಪಿತ್ರಾರ್ಜಿತವನ್ನಲ್ಲ, ಒಕ್ಕಲನ್ನು. ನೆಲದ ವಿಷಯದಲ್ಲಿ ಕನ್ನಡನಾಡು ಒಮ್ಮೆ ಒಪ್ಪಿದ ಈ ನ್ಯಾಯ ಊರಿನ ವಿಷಯದಲ್ಲಿ ಸಲ್ಲದೆಂದು ಹೇಳಲು ಕಾರಣ ಕಾಣುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಒಕ್ಕಲು ಎಂಬುದರಲ್ಲಿ ಒಡೆಯನ ಕೈಕೆಳಗಿನವನೆಂಬ ಛಾಯೆಯಿಲ್ಲವೇ? ಇದೆ. ಅದನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಮುಂಬಯಿಯಂಥ ನಗರದಲ್ಲಿ ಸಮುದ್ರಕ್ಕೂ ಖಾರಿಗೂ ಮೊದಲಿನಿಂದ ಹೊಂದಿಕೊಂಡಿದ್ದ ಕೋಳಿಗಳು, ಆಗರಿಗಳು ಮುಂತಾದವರನ್ನು ಬಿಟ್ಟರೆ ಉಳಿದವರೆಲ್ಲ ಒಂದಲ್ಲ ಒಂದು ತಲೆಮಾರಿನಲ್ಲಿ ಬಂದು ಹೊಕ್ಕವರೇ. ತಾನು ಒಕ್ಕಲೆಂದು ತಿಳಿದವನು ನೆಲದ ಭಾಷೆಯನ್ನು ಕಲಿಯುವ ಋಣವನ್ನೂ ತಿಳಿದಿರುತ್ತಾನೆ. ಮರಾಠಿ ಬಾರದ ಮುಂಬಯಿ ಕನ್ನಡಿಗನೂ ಕನ್ನಡ ಬೇಡದ ಬೆಂಗಳೂರಿನ ವಲಸಿಗನೂ ವಾಸಿಸುತ್ತಾರೆ, ಒಕ್ಕಲಾಗಿರುವುದಿಲ್ಲ. ಆದಕಾರಣ ಈ ಶಬ್ದ ಹಕ್ಕನ್ನು ಮಾತ್ರವಲ್ಲದೆ ಹೊಣೆಯನ್ನೂ ಹೇಳುತ್ತದೆ. ಹಳೆಯ ‘ಲೋಕಲ್ ಬೋರ್ಡಿ’ನಲ್ಲಿದ್ದ ಗೌರವ ಇದರಲ್ಲಿ ಮರಳಿ ದೊರೆಯುತ್ತದೆ.

ಮೇಲಿನ ವಿಚಾರಗಳ ಫಲವಾಗಿ, ಮುಂದೆ ಸಿದ್ಧವಾಗುವ ಎರವಲು ಪದಗಳ ಕೋಶದಲ್ಲಿ ‘ಲೋಕಲ್’ ಎಂಬ ಉಲ್ಲೇಖವನ್ನು ಹೀಗೆ ವಿಂಗಡಿಸುವುದು ಉಚಿತ. ನಾಮಪದವಾಗಿ, ಮುಂಬಯಿ ಕಡೆಯ ಪ್ರಯೋಗ: ಉಪನಗರದ ರೈಲು, ಇದಕ್ಕೆ ಅನುವಾದ ಬೇಡ, ‘ಲೋಕಲು’ ಎಂಬುದೇ ಕನ್ನಡ. ವಿಶೇಷಣವಾಗಿ, ಸಂಸ್ಥೆ ಆಡಳಿತಗಳಿಗೆ: ಸ್ಥಳೀಯ. ವಸ್ತುಗಳಿಗೆ: ಇಲ್ಲಿಯದು, ದೇಸಿ, ಹೀನಾರ್ಥದ ಪ್ರಯೋಗ ಇದೆಯೆಂದು ನಮೂದಿಸಿ ಅದನ್ನು ಬಿಡುವಂತೆ ಸೂಚಿಸತಕ್ಕದ್ದು. ವ್ಯಕ್ತಿಗಳಿಗೆ: ಊರ ಒಕ್ಕಲು.

ಕೋಶದಲ್ಲಿ ಶಬ್ದವನ್ನು ಬದಲಾಯಿಸಿದ ಮಾತ್ರಕ್ಕೆ ಅರ್ಜಿಯ ನಮೂನೆ ಬದಲಾಗದು. ಕಾನೂನು ಬರೆಯುವವರು ನಿಘಂಟುಕಾರರನ್ನು ಕೇಳಿ ಬರೆಯುವುದಿಲ್ಲ. ಆದರೆ ಅವರು ಬರೆಯುವುದು ಬಳಕೆಯಲ್ಲಿರುವ ಶಬ್ದಗಳಿಂದಲೇ. ಹುಟ್ಟನ್ನು ಕೇಳುವ ಶಬ್ದ ಮುಂದಿದ್ದರೆ ಲಕ್ಷಣವೂ ಹುಟ್ಟನ್ನೇ ಕೇಳುತ್ತದೆ. ವಾಸವನ್ನೂ ದುಡಿಮೆಯನ್ನೂ ಕೇಳುವ ಶಬ್ದವಿದ್ದರೆ ಅದನ್ನು ಕೇಳುವ ಸಂಭವವಾದರೂ ಇರುತ್ತದೆ. ಮುಂಬ್ರಾದಲ್ಲಿ ಲೇಖನಿ ಕೆಳಗಿಟ್ಟು ಕುಳಿತಿರುವ ಆ ತರುಣನಿಗೆ ಕನ್ನಡ ಸದ್ಯಕ್ಕೆ ಕೊಡಬಲ್ಲದ್ದು ಇಷ್ಟೇ.